ಹೊರಹರಿವು ನೋಡಿಕೊಂಡು ಮೀನು ಹುಡುಕಿದ್ದು

ಪೇಪರಿನ ಒಳಪುಟದ ಮೂಲೆಯಲ್ಲಿ ಜಲಾಶಯಗಳ ಮಟ್ಟದ ಪಟ್ಟಿ ಬರುತ್ತದೆ ಅಲ್ವಾ, ನಾನು ಮೊದಲು ಓದುವುದು ಅದನ್ನೇ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಡ್ಯಾಂ ತುಂಬಿತಾ ಇಲ್ವಾ ಎಂದು ಎಲ್ಲರೂ ಮಟ್ಟ ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಹೊರಹರಿವಿನ ಮೇಲೆ. ನಿನ್ನೆ ಎಷ್ಟಿತ್ತು, ಇವತ್ತು ಎಷ್ಟಕ್ಕೆ ಇಳಿಯಿತು? ಡ್ಯಾಮಿನ ಕೆಳಗಿರುವ ಮೀನುಗಳ ಆ ವಾರದ ಹಣೆಬರಹ ಆ ಎರಡು ಅಂಕಿಗಳ ನಡುವೆ ಇರುತ್ತದೆ.

ನನ್ನ ಹೊಟ್ಟೆಪಾಡು ಪೀಣ್ಯದ ಒಂದು ನೀರು ಪರೀಕ್ಷೆಯ ಲ್ಯಾಬಿನಲ್ಲಿ. ಮನೆ ಕೆಂಗೇರಿ. ಮೈಸೂರು ರಸ್ತೆ ಹತ್ತಿರವೇ ಇರುವುದರಿಂದ ರಜೆ ಬಂದರೆ ಹೊಳೆ ಕಡೆ ಹೋಗುವ ಚಟ. ಮೊದಲು ಸುಮ್ನೆ ಗಾಳ ಹಾಕುವುದಕ್ಕೆ ಹೋಗುತ್ತಿದ್ದೆ. ಈಗ ನಾವು ನಾಲ್ಕೈದು ಜನ ಸ್ನೇಹಿತರು ಕಾವೇರಿ ಮತ್ತು ಅರ್ಕಾವತಿಯ ಕೆಲವು ತುಣುಕುಗಳಲ್ಲಿ ನಾಡ ಮೀನುಗಳ ಲೆಕ್ಕ ಇಡುತ್ತೇವೆ. ಸಂಘ ಇಲ್ಲ, ಬ್ಯಾನರ್ ಇಲ್ಲ. ಅಭಯಾರಣ್ಯದೊಳಗೆ ನಾವು ಕೆಲಸ ಮಾಡುವುದಿಲ್ಲ, ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ತಿ. ನರಸೀಪುರದಿಂದ ತಲಕಾಡಿನವರೆಗಿನ ಕಾವೇರಿ, ಹಾರೋಬೆಲೆ ಡ್ಯಾಮಿನ ಕೆಳಗಿನ ಅರ್ಕಾವತಿ, ಇಷ್ಟೇ ನಮ್ಮ ಸೀಮೆ.

ಬೆಂಗಳೂರಿನವರಿಗೆ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ನಮ್ಮ ಊರಿಗೆ ಕಾವೇರಿ ಮೊದಲ ಹಂತದ ನೀರು ಬಂದದ್ದು 1974ರಲ್ಲಿ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾಯಿತು, ಅದೊಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರ್. ತೊರೆಕಾಡನಹಳ್ಳಿಯಿಂದ ಗುಡ್ಡ ಹತ್ತಿಸಿ, ಸುಮಾರು ನೂರು ಕಿಲೋಮೀಟರ್ ತಳ್ಳಿ ತರುವ ನೀರು ಅದು. ನಲ್ಲಿ ತಿರುಗಿಸುವ ಪ್ರತಿಯೊಬ್ಬರೂ ಆ ಹೊಳೆಯ ಪಾಲುದಾರರೇ.

ಅಣೆಕಟ್ಟು ಅಂದ ಕೂಡಲೇ ಅಡ್ಡಗೋಡೆ ಮಾತ್ರ ಕಣ್ಣಿಗೆ ಬರುತ್ತದೆ. ಗೋಡೆ ತೊಂದರೆ ಕೊಡುವುದು ನಿಜ. ಕಡಲಿನಿಂದ ಕಾವೇರಿಗೆ ಹತ್ತಿ ಬರುತ್ತಿದ್ದ ಹಿಲ್ಸಾ ಮೀನಿನ ದಾರಿ 1934ರಲ್ಲಿ ಮೆಟ್ಟೂರು ಡ್ಯಾಂ ಮುಗಿದ ಮೇಲೆ ಮುಚ್ಚಿತು. ಆದರೆ ನಮ್ಮ ಹೊಳೆಯಲ್ಲಿ ಗೋಡೆಗಳು ಹೊಸದಲ್ಲ. ತಲಕಾಡಿನ ಮಾಧವಮಂತ್ರಿ ಕಟ್ಟೆ, ಶ್ರೀರಂಗಪಟ್ಟಣದ ಬಂಗಾರದೊಡ್ಡಿ ಕಟ್ಟೆ ಶತಮಾನಗಳಿಂದ ಇವೆ. ಇವು ತಗ್ಗು ಕಟ್ಟೆಗಳು. ದೊಡ್ಡ ನೀರು ಬಂದಾಗ ಮುಳುಗುತ್ತವೆ. ಮುಳುಗಿದಾಗ ಮೀನಿಗೆ ದಾರಿ ಸಿಗುತ್ತದೆ. ಮೀನು ಹತ್ತುವುದೂ ಮುಂಗಾರಿನ ಕೆಂಪು ನೀರು ಬಂದಾಗಲೇ. ಕೆಆರ್‌ಎಸ್‌ನಂಥ ಡ್ಯಾಂ ಮುಳುಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಮೊದಲ ನೀರನ್ನೇ ಅದು ಹಿಡಿದಿಟ್ಟುಕೊಳ್ಳುತ್ತದೆ. ಜೂನಿನಲ್ಲಿ ಕೊಡಗಿನಲ್ಲಿ ಮಳೆ ಸುರಿಯುತ್ತಿದ್ದರೂ ಕೆಳಗೆ ಹೊಳೆ ತೆಳ್ಳಗೇ ಇರುತ್ತದೆ. ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡ ಮೀನಿಗೆ ಹೊರಡು ಅನ್ನುವ ಸೂಚನೆಯೇ ಸಿಗುವುದಿಲ್ಲ.

ಇನ್ನೊಂದು, ನೀರು ಇಳಿಯುವ ರೀತಿ. ಮಳೆ ನಿಂತಾಗ ಹೊಳೆ ತಾನಾಗಿ ಇಳಿದರೆ ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ಗೇಟು ಇಳಿಸಿದರೆ ಗಂಟೆಗಳಲ್ಲಿ ಮುಗಿಯಿತು. ಬಿಳಿಮೀನು, ಅಂದರೆ ಮಹಶೀರ್‌ನಂಥವು ಕಲ್ಲು-ಗರಸು ಇರುವ ಕಡೆ ಮೊಟ್ಟೆ ಇಡುತ್ತವೆ. ಮರಿ ಒಡೆಯುವುದಕ್ಕೇ ಮೂರ್ನಾಲ್ಕು ದಿನ ಬೇಕು, ಒಡೆದ ಮೇಲೂ ಕೆಲವು ದಿನ ಮರಿ ಕಲ್ಲಿನ ಸಂದಿಯಲ್ಲೇ ಇರುತ್ತದೆ. ಅಷ್ಟರೊಳಗೆ ದಡ ಒಣಗಿದರೆ ಆ ವರ್ಷದ ಸಂತಾನ ಹೋಯಿತು ಅಂತಲೇ. ವಿದ್ಯುತ್ ಘಟಕಗಳ ಕೆಳಗಂತೂ ಒಂದೇ ದಿನದಲ್ಲಿ ನೀರು ಏರಿ ಇಳಿಯುತ್ತದೆ. ಬೇಸಿಗೆ ಕೊನೆಯಲ್ಲಿ ದೊಡ್ಡ ಜಲಾಶಯಗಳ ತಳದ ತೂಬಿನಿಂದ ಬರುವ ನೀರಿನಲ್ಲಿ ಆಮ್ಲಜನಕ ಕಡಿಮೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಹೊಳೆ ಮೀನಿಗೆ ನೆಮ್ಮದಿ. ಅದು 3ಕ್ಕಿಂತ ಕೆಳಗೆ ಹೋದಾಗ ಕೊಳೆತ ಮೊಟ್ಟೆಯ ವಾಸನೆಯೂ ಬಂದರೆ, ನೀರು ಯಾವ ಆಳದಿಂದ ಬಂತು ಅಂತ ಬೇರೆ ಹೇಳಬೇಕಿಲ್ಲ.

ಮೀನು ಗೋಡೆ ಹತ್ತಿ ದಾಟಲೆಂದು ಕಟ್ಟುವ ಮೆಟ್ಟಿಲು, ಅಂದರೆ ಮೀನು ಏಣಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಹೆಚ್ಚಾಗಿ ಸಾಲ್ಮನ್ ಥರದ ನೆಗೆಯುವ ಮೀನಿಗೆಂದು ಬೆಳೆದ ವಿದ್ಯೆ. ತಗ್ಗು ಕಟ್ಟೆಗೆ ಸರಿ, ನೂರಾರು ಅಡಿ ಗೋಡೆಗೆ ನನಗೆ ನಂಬಿಕೆ ಇಲ್ಲ.

ಲೆಕ್ಕ ಇಡುವ ಬಗೆ ಹೇಳುತ್ತೇನೆ, ಯಾರು ಬೇಕಾದರೂ ಮಾಡಬಹುದು. ನಾವು ಬಲೆ ಬೀಸುವುದಿಲ್ಲ. ಬೆಳಗಿನ ಜಾವ ತೆಪ್ಪದವರು ದಡಕ್ಕೆ ಬರುವ ಹೊತ್ತಿಗೆ ಅಲ್ಲಿರುತ್ತೇವೆ. ಅವರು ಹಿಡಿದ ಮೀನನ್ನೇ ಬಿಳಿ ಹಲಗೆಯ ಮೇಲೆ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಎಡಗಡೆ ಮುಖ ಮಾಡಿಸಿ ಫೋಟೋ ತೆಗೆಯುತ್ತೇವೆ. ರೆಕ್ಕೆ ಬಿಡಿಸಿ ಒಂದು, ಬಾಯಿ ಹತ್ತಿರದಿಂದ ಒಂದು. ಬಾಯಿಯ ಫೋಟೋ ಇಲ್ಲದಿದ್ದರೆ ಅರ್ಧ ಮೀನುಗಳ ಗುರುತು ಸಿಗುವುದಿಲ್ಲ. ಮೀಸೆ ಎಷ್ಟು ಜೊತೆ, ತುಟಿ ಹೇಗಿದೆ, ಮೈಯ ಪಕ್ಕದ ಗೆರೆಯ ಮೇಲೆ ಹುರುಪೆ ಎಷ್ಟು, ಇವೇ ಗುರುತು. ಬಣ್ಣ ನಂಬಬೇಡಿ, ಸತ್ತ ಅರ್ಧ ಗಂಟೆಯಲ್ಲಿ ಬಣ್ಣ ಬದಲಾಗುತ್ತದೆ. ಜೊತೆಗೆ ಬಲೆಯ ಕಣ್ಣಿನ ಅಳತೆ, ಹೊಟ್ಟೆಯಲ್ಲಿ ಮೊಟ್ಟೆ ಇತ್ತಾ, ನೀರಿನ ಉಷ್ಣತೆ, ಆಮ್ಲಜನಕ, ಆ ದಿನದ ಕೆಆರ್‌ಎಸ್ ಹೊರಹರಿವು. ಪೇಪರಿನ ಪಟ್ಟಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ನೋಡಿದರೆ, ಕೆಮ್ಮೀನು ಎಂಬ ನಾಡ ಮೀನಿನ ಮರಿ ಬಲೆಗೆ ಜಾಸ್ತಿ ಕಂಡದ್ದು ಹೊರಹರಿವು ವಾರಗಟ್ಟಲೆ ಏರುಪೇರಿಲ್ಲದೆ ನಿಂತ ವರ್ಷಗಳಲ್ಲಿ. ಇದು ನಮ್ಮ ಪುಟ್ಟ ಪುಸ್ತಕದ ಲೆಕ್ಕ, ವಿಜ್ಞಾನದ ಪತ್ರಿಕೆಗೆ ಸಾಲದು. ಆದರೆ ಇಂಜಿನಿಯರ್ ಮುಂದೆ ಇಡುವುದಕ್ಕೆ ಸಾಕು.

ಫೋಟೋಗಳನ್ನು ಐನ್ಯಾಚುರಲಿಸ್ಟ್‌ಗೆ, ಅಂದರೆ ಜೀವಿಗಳ ಫೋಟೋ ಹಾಕಿ ಗುರುತು ಹಿಡಿಯುವ ಜಾಲತಾಣಕ್ಕೆ ಹಾಕುತ್ತೇವೆ. ಅಪರೂಪದ ಮೀನಾದರೆ ಜಾಗವನ್ನು ಮರೆಮಾಡುತ್ತೇವೆ. ಇಂಥ ಮಡುವಿನಲ್ಲಿ ದೊಡ್ಡ ಮೀನಿದೆ ಅಂತ ಗೊತ್ತಾದರೆ ಮುಂದಿನ ಅಮಾವಾಸ್ಯೆಗೆ ಯಾರೋ ಸಿಡಿಮದ್ದಿನ ತೋಟಾ ಹಾಕಿರುತ್ತಾರೆ.

ಇನ್ನು ಮೀನುಮರಿ ಬಿಡುವ ಕಾರ್ಯಕ್ರಮಗಳ ವಿಷಯ. ನನಗೆ ಇದರ ಮೇಲೆ ಸ್ವಲ್ಪ ಕೋಪ ಇದೆ, ಮುಚ್ಚಿಡುವುದಿಲ್ಲ. ಹೊಳೆ ಬಡವಾಯಿತು ಅಂದರೆ ಎಲ್ಲರಿಗೂ ಹೊಳೆಯುವುದು ಒಂದೇ ಉಪಾಯ: ಲಾರಿಯಲ್ಲಿ ಮರಿ ತಂದು ಸುರಿಯುವುದು. ಒಮ್ಮೆ ಒಂದು ಕಂಪನಿಯವರು ಸಿಎಸ್‌ಆರ್ ಹಣದಲ್ಲಿ ಇಂಥದ್ದೇ ಏರ್ಪಾಡು ಮಾಡಿದ್ದರು. ಶಾಮಿಯಾನ, ಟೋಪಿ, ಡ್ರೋನ್ ಎಲ್ಲ ಇತ್ತು. ನಾನು ಒಂದು ಪ್ಲಾಸ್ಟಿಕ್ ಚೀಲ ಕೇಳಿ ಬಿಳಿ ಟ್ರೇಗೆ ಸುರಿದು ನೋಡಿದೆ. ಬಹುಪಾಲು ಗಂಗೆಯ ಕಡೆಯ ಕಾಟ್ಲಾ, ರೋಹು. ನಡುವೆ ಜಿಲೇಬಿ, ಅಂದರೆ ತಿಲಾಪಿಯಾ ಮೀನಿನ ಮರಿಗಳೂ ಇದ್ದವು. ನಾಡ ಮೀನು ಅಂತ ಬ್ಯಾನರಿನಲ್ಲಿ ಬರೆದಿತ್ತು. ನಾನು ಹೇಳಿದ್ದನ್ನು ಅವರು ನಗುನಗುತ್ತಾ ಕೇಳಿಸಿಕೊಂಡರು. ಆಮೇಲೆ ಮರಿಗಳನ್ನು ಬಿಟ್ಟರು.

ಕಾವೇರಿಯ ಬಿಳಿಮೀನಿನ ಕಥೆ ಗೊತ್ತಿದ್ದವರು ಹೀಗೆ ಮಾಡಲಾರರು. ಬೆನ್ನು ಉಬ್ಬಿದ, ಕಿತ್ತಳೆ ಬಾಲದ ಮಹಶೀರ್ ಇಡೀ ಪ್ರಪಂಚದಲ್ಲಿ ಇರುವುದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಗಾಳಕ್ಕೆ ಬಿದ್ದಿತ್ತು, ಅಂದರೆ 54 ಕಿಲೋ. ಮಹಶೀರ್ ಕಡಿಮೆಯಾಗುತ್ತಿದೆ ಎಂದು, ಒಳ್ಳೆಯ ಮನಸ್ಸಿನಿಂದಲೇ, ಲೋನಾವಳದ ಹ್ಯಾಚರಿಯಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಇಲ್ಲಿಗೆ ಬಿಟ್ಟರು. ಅದು ಕೃಷ್ಣಾ ಕಡೆಯ ಮೀನು. ಕಾವೇರಿ ದಡದ ಗಾಲಿಬೋರೆ ಕ್ಯಾಂಪಿನಲ್ಲಿ ಗಾಳದವರು 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಜೊತೆಗಾರರು ಲೆಕ್ಕ ಹಾಕಿದರು. ನೀಲಿ ರೆಕ್ಕೆಯದು ಏರುತ್ತಾ ಹೋಗಿದೆ, ನಮ್ಮದು ಇಳಿಯುತ್ತಾ ಹೋಗಿದೆ. ನಮ್ಮ ಬಿಳಿಮೀನಿಗೆ ಟೋರ್ ರೆಮಾದೇವಿ ಎಂಬ ವಿಜ್ಞಾನದ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀರಾ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೂ ಸೇರಿತು. ಅಳಿಯುವ ಅಂಚಿಗೆ ಬಂದ ಮೇಲೆ ನಾಮಕರಣ!

ನಾವು ಮಾಡಿದ್ದರಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಮಡುವಿನ ಒಪ್ಪಂದ. ಬೇಸಿಗೆಯಲ್ಲಿ ಹೊಳೆ ಒಣಗಿದಾಗ ದೊಡ್ಡ ಮೀನುಗಳೆಲ್ಲ ಆಳದ ಮಡುಗಳಿಗೆ ಸೇರುತ್ತವೆ. ಮಳೆಗಾಲದ ತಾಯಿಮೀನುಗಳು ಅವೇ. ರಾಮನಾಥಪುರ, ಶೃಂಗೇರಿ, ಶಿಶಿಲದಲ್ಲಿ ದೇವರ ಹೆಸರಿನಲ್ಲಿ ಮಡುಗಳು ಉಳಿದಿವೆ. ನಮ್ಮ ಕಡೆಯ ಮಡುವಿಗೆ ದೇವರು ಇರಲಿಲ್ಲ, ತೆಪ್ಪದವರನ್ನೇ ಒಪ್ಪಿಸಬೇಕಿತ್ತು. ಜೀವವೈವಿಧ್ಯ ಅಂತ ಮಾತು ಶುರು ಮಾಡಿದರೆ ಯಾರೂ ಕಿವಿ ಕೊಡುವುದಿಲ್ಲ. ನಾವು ಹಳೆಯ ಫೋಟೋಗಳನ್ನು ಹರಡಿಕೊಂಡು, ಬಾಳೆಮೀನು ಮೊದಲು ಎಷ್ಟು ಉದ್ದ ಸಿಗುತ್ತಿತ್ತು, ಈಗ ಎಷ್ಟು ಅಂತ ಅವರನ್ನೇ ಕೇಳಿದೆವು. ಉತ್ತರ ಅವರ ಬಾಯಿಂದಲೇ ಬಂತು. ಒಬ್ಬ ಹಿರಿಯರು, ‘ನಾವು ಬಿಟ್ಟರೆ ಪಕ್ಕದ ಊರಿನವರು ಬಿಡುತ್ತಾರಾ?’ ಅಂದರು. ನ್ಯಾಯವಾದ ಪ್ರಶ್ನೆ. ಎರಡೂ ಊರಿನವರು ಒಂದೇ ಅರಳಿಕಟ್ಟೆಯಲ್ಲಿ ಕೂರುವವರೆಗೆ ಕೆಲಸ ಮುಂದೆ ಹೋಗಲಿಲ್ಲ. ಕೊನೆಗೆ ಒಪ್ಪಿಗೆಯಾದದ್ದು ಇಷ್ಟು: ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಆ ಮಡುವಿಗೆ ಬಲೆ ಇಲ್ಲ, ಸಣ್ಣ ಕಣ್ಣಿನ ಬಲೆ ವರ್ಷವಿಡೀ ಇಲ್ಲ, ತೋಟಾ ಹಾಕಿದವರ ತೆಪ್ಪ ದಡದಲ್ಲೇ ಇರಬೇಕು. ಒಪ್ಪಂದ ಆಗಾಗ ಮುರಿಯುತ್ತದೆ. ಮುರಿದಾಗ ನಾವು ಪಂಚಾಯಿತಿ ಮಾಡಲು ಹೋಗುವುದಿಲ್ಲ, ಅವರವರೇ ಜಗಳ ಮಾಡಿ ಸರಿ ಮಾಡಿಕೊಳ್ಳುತ್ತಾರೆ.

ಅರ್ಕಾವತಿಯ ಕಥೆ ಬೇರೆ. ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ಹಾರೋಬೆಲೆ, ಹೀಗೆ ಒಂದು ಸಣ್ಣ ನದಿಗೆ ಸಾಲು ಡ್ಯಾಂ. ಜೊತೆಗೆ ವೃಷಭಾವತಿಯಲ್ಲಿ ಬರುವ ನಮ್ಮ ಊರಿನ ಕೊಳಚೆ. ಅಲ್ಲಿ ಸಿಗುವುದು ಜಿಲೇಬಿ, ಆಫ್ರಿಕನ್ ಕ್ಯಾಟ್‌ಫಿಶ್. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು 2000ದಲ್ಲೇ ನಿಷೇಧಿಸಿದ್ದಾರೆ, ಮೀನಿಗೆ ಮಾತ್ರ ಸುದ್ದಿ ತಲುಪಿಲ್ಲ. ಅಕ್ವೇರಿಯಂ ಬೇಜಾರಾದವರು ಕೆರೆಗೆ ಬಿಟ್ಟ ಸಕ್ಕರ್ ಮೀನು ಬೆಂಗಳೂರಿನ ಕೆರೆಗಳಲ್ಲಿ ಈಗಾಗಲೇ ಇದೆ. ಕೋಡಿ ಬಿದ್ದರೆ ರಾಜಕಾಲುವೆ, ಅಲ್ಲಿಂದ ಹೊಳೆ. ಬೇಡವಾದ ಮೀನನ್ನು ಅಂಗಡಿಗೆ ವಾಪಸ್ ಕೊಡಿ, ಕೆರೆಗೆ ಬೇಡ. ಅರ್ಕಾವತಿಯಲ್ಲಿ ನಾವು ಈಗ ನೋಡುತ್ತಿರುವುದು ಡ್ಯಾಂ ಇಲ್ಲದ ಸಣ್ಣ ಹಳ್ಳಗಳನ್ನು. ಮಳೆಗಾಲದಲ್ಲಿ ಗಿರ್ಲು ಮತ್ತು ಸಣ್ಣ ಗೆಂಡೆ ಜಾತಿಯ ಮೀನುಗಳು ಅಲ್ಲಿಗೆ ನುಗ್ಗುತ್ತವೆ. ಡ್ಯಾಂ ಇರುವ ನದಿಯಲ್ಲಿ ಡ್ಯಾಂ ಇಲ್ಲದ ಉಪಹಳ್ಳ ಚಿನ್ನಕ್ಕೆ ಸಮ. ರಸ್ತೆಯವರು ಅಲ್ಲಿ ಪೈಪ್ ಮೋರಿ ಹಾಕಿ, ಅದರ ಬಾಯಿ ನೀರಿಗಿಂತ ಎರಡಡಿ ಮೇಲಿದ್ದರೆ ಅದೂ ಒಂದು ಅಣೆಕಟ್ಟೇ.

ಕಾವೇರಿಗೆ ಒಂದು ವಿಚಿತ್ರ ಅನುಕೂಲ ಇದೆ. ನ್ಯಾಯಮಂಡಳಿ 2007ರಲ್ಲಿ 10 ಟಿಎಂಸಿ ನೀರನ್ನು ಪರಿಸರಕ್ಕೆಂದು ತೆಗೆದಿಟ್ಟಿತು. 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ಅದು ಉಳಿಯಿತು. ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ 2.5 ಟಿಎಂಸಿ ತಮಿಳುನಾಡು ಗಡಿಯಲ್ಲಿ ನೀರು ಅಳೆಯುವ ಬಿಳಿಗುಂಡ್ಲುವಿನಲ್ಲಿ ಹರಿಯಬೇಕು. ಬಿಳಿಗುಂಡ್ಲು ಮುಟ್ಟಬೇಕಾದರೆ ಅದು ಮುತ್ತತ್ತಿ, ಸಂಗಮ, ಮೇಕೆದಾಟು ದಾಟಲೇಬೇಕು, ಅಂದರೆ ಬಿಳಿಮೀನಿನ ಮನೆಯ ಮುಂದೆಯೇ ಹಾದುಹೋಗಬೇಕು. ನಾವು ಮನುಷ್ಯರು ನೀರಿಗೆ ಬಡಿದಾಡಿದ್ದರಿಂದ ಮೀನಿಗೆ ಒಂದಿಷ್ಟು ಸಿಕ್ಕಿತು. ಆದರೆ ತಿಂಗಳ ಲೆಕ್ಕ ಮೀನಿಗೆ ಅರ್ಥವಾಗುವುದಿಲ್ಲ. ಅಷ್ಟೂ ನೀರನ್ನು ಕೆಲವೇ ದಿನದಲ್ಲಿ ಬಿಟ್ಟು ಗೇಟು ಹಾಕಿದರೂ ಲೆಕ್ಕ ಸರಿಯಾಗುತ್ತದೆ.

ಅದಕ್ಕೇ ನಾವು ಒಂದು ಜಲಾಶಯದ ಇಂಜಿನಿಯರನ್ನು ಕೇಳಿದ್ದು ಜಾಸ್ತಿ ನೀರನ್ನಲ್ಲ. ಬಿಡುವ ನೀರನ್ನೇ ಮೆಲ್ಲಗೆ ಕಡಿಮೆ ಮಾಡಿ, ಗೇಟು ಇಳಿಸುವುದನ್ನು ಮೂರು ದಿನಕ್ಕೆ ಹಂಚಿ ಅಂತ, ನಮ್ಮ ಪುಸ್ತಕದ ಲೆಕ್ಕದ ಸಮೇತ ಬರೆದು ಕೊಟ್ಟೆವು. ಲಿಖಿತ ಉತ್ತರ ಬಂದಿಲ್ಲ. ಆದರೆ ಗೇಟು ಇಳಿಸುವ ಹಿಂದಿನ ದಿನ ಅಲ್ಲಿಂದ ಒಂದು ಫೋನ್ ಬರುತ್ತದೆ. ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು ತೆಪ್ಪದವರೂ ನಾವೂ ಬಕೆಟ್ ಹಿಡಿದು, ನೀರು ಇಳಿದು ಮೀನು ಸಿಕ್ಕಿಬಿದ್ದ ಬಂಡೆಗಳ ನಡುವಿನ ಗುಂಡಿಗಳಿಗೆ ಇಳಿಯುತ್ತೇವೆ. ಕೆಮ್ಮೀನಿನಂಥವನ್ನು ಮೊದಲು ಎತ್ತಬೇಕು, ಅವು ಬೇಗ ಸಾಯುತ್ತವೆ. ಕೊರಮೀನು ಗಾಳಿ ಕುಡಿದು ಬದುಕುತ್ತದೆ, ಅದು ಕೊನೆಗೆ. ಕೈ ಒದ್ದೆ ಇರಬೇಕು. ಗುಂಡಿಯ ನೀರು ಬಿಸಿಯಾಗಿರುವುದರಿಂದ ಬಕೆಟಿಗೆ ಹೊಳೆ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ ಆಮೇಲೆ ಬಿಡಬೇಕು. ಜಿಲೇಬಿ ಸಿಕ್ಕರೆ ಮಾತ್ರ ಹೊಳೆಗೆ ವಾಪಸ್ ಇಲ್ಲ. ಅದು ತೆಪ್ಪದವರ ಮನೆಗೆ ಹೋಗುತ್ತದೆ, ಮಧ್ಯಾಹ್ನದ ಮುದ್ದೆಗೆ ಸಾರು.