ತಗಡೋ ಶಿಂಗಲ್ಲೋ: ಹಿಮ ಬೀಳುವ ಬೆಟ್ಟದ ಮನೆಗೆ ಚಾವಣಿ ಹೊದಿಸಿದ ನನ್ನ ಅನುಭವ

ಹೊರಗೆ ಆಕಾಶ ತಿಳಿಯಾಗಿತ್ತು. ಮೂರು ದಿನಗಳಿಂದ ಹಿಮ ಬಿದ್ದಿರಲಿಲ್ಲ, ಮಳೆಯ ಮಾತಂತೂ ಇಲ್ಲವೇ ಇಲ್ಲ. ಉಷ್ಣತೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ. ಅಂಥ ರಾತ್ರಿ ಮಲಗುವ ಕೋಣೆಯ ಸೀಲಿಂಗಿನಿಂದ ನೀರು ತೊಟ್ಟಿಕ್ಕತೊಡಗಿತು. ಬಕೆಟ್ ಇಟ್ಟು ಮಲಗಿದೆ. ಟಪ್ ಟಪ್ ಸದ್ದಿಗಿಂತ ಹೆಚ್ಚಾಗಿ ನಿದ್ದೆ ಕೆಡಿಸಿದ್ದು ಒಂದು ಪ್ರಶ್ನೆ: ಎಲ್ಲವೂ ಹೆಪ್ಪುಗಟ್ಟಿರುವಾಗ ಈ ನೀರು ಬಂದದ್ದಾದರೂ ಎಲ್ಲಿಂದ? ಬೆಳಗಾದ ಮೇಲೆ ಹೊರಗೆ ಹೋಗಿ ನೋಡಿದರೆ ಸೂರಂಚಿನ ಉದ್ದಕ್ಕೂ ಒಂದು ಗೇಣು ಎತ್ತರದ ಮಂಜುಗಡ್ಡೆಯ ಬದು ಕಟ್ಟಿಕೊಂಡಿತ್ತು. ಅದರ ಹಿಂದೆ, ಹಿಮದ ಅಡಿಯಲ್ಲಿ, ನೀರು ನಿಂತಿತ್ತು.

ಆಗ ಮನೆಯ ಮೇಲಿದ್ದದ್ದು ಡಾಂಬರಿನ ಶಿಂಗಲ್, ಅಂದರೆ ಮೇಲೆ ಹರಳು ಮೆತ್ತಿದ ಡಾಂಬರು ಹಾಳೆಯ ತುಂಡುಗಳು, ಹದಿನೆಂಟು ವರ್ಷ ಹಳೆಯವು. ಕಂಡವರೆಲ್ಲ ಹೇಳಿದ್ದು ಒಂದೇ ಮಾತು: "ಇದನ್ನು ಕಿತ್ತು ತಗಡು ಹೊದಿಸಿ, ಹಿಮ ತಾನಾಗಿ ಜಾರಿ ಹೋಗುತ್ತದೆ." ನಾನೂ ಹಾಗೆಯೇ ಮಾಡುವವನಿದ್ದೆ. ಅಷ್ಟರಲ್ಲಿ ಒಮ್ಮೆ ಅಟ್ಟ ಹತ್ತಿ ನೋಡೋಣ ಅನ್ನಿಸಿತು.

ಶಿಂಗಲ್‌ಗೆ ಹೊಡೆದ ಮೊಳೆಗಳ ತುದಿಗಳು ಪ್ಲೈವುಡ್ ತೂರಿ ಅಟ್ಟದೊಳಕ್ಕೆ ಇಣುಕುತ್ತಿರುತ್ತವೆ. ಟಾರ್ಚ್ ಬಿಟ್ಟಾಗ ಆ ನೂರಾರು ತುದಿಗಳಿಗೂ ಒಂದೊಂದು ಬಿಳಿಯ ಗುಂಡು ಮೆತ್ತಿಕೊಂಡಿತ್ತು, ಮಲ್ಲಿಗೆ ಮೊಗ್ಗು ಸಿಕ್ಕಿಸಿದ ಹಾಗೆ. ಮುಟ್ಟಿದರೆ ಕರಗಿತು. ಮನೆಯೊಳಗಿನ ಬೆಚ್ಚಗಿನ, ತೇವದ ಗಾಳಿ ಅಟ್ಟಕ್ಕೆ ನುಗ್ಗಿ, ತಣ್ಣಗಿನ ಮೊಳೆಯ ಮೇಲೆ ಹೆಪ್ಪುಗಟ್ಟಿತ್ತು. ನೀರಿನ ಮೂಲ ಅಲ್ಲಿ ಗೊತ್ತಾಯಿತು. ಆ ಬಿಸಿಗಾಳಿ ಚಾವಣಿಯ ಹಲಗೆಯನ್ನು ಅಡಿಯಿಂದ ಕಾಯಿಸುತ್ತದೆ. ಮೇಲೆ ದಪ್ಪನೆಯ ಹಿಮವಿದ್ದರೆ ಅದೇ ಕಂಬಳಿಯಾಗಿ ಶಾಖವನ್ನು ಹಿಡಿದಿಡುತ್ತದೆ. ತಳದ ಹಿಮ ಕರಗುತ್ತದೆ. ಕರಗಿದ ನೀರು ಕೆಳಗೆ ಹರಿದು ಸೂರಂಚಿಗೆ ಬಂದಾಗ ಅಲ್ಲಿ ಅಡಿಯಲ್ಲಿ ಮನೆಯಿಲ್ಲ, ಶಾಖವಿಲ್ಲ. ಮತ್ತೆ ಮಂಜುಗಡ್ಡೆ. ದಿನದಿನವೂ ಬದು ಬೆಳೆಯುತ್ತದೆ, ಹಿಂದೆ ಕೆರೆ ಕಟ್ಟುತ್ತದೆ. ಶಿಂಗಲ್‌ಗಳನ್ನು ಹೊದಿಸುವುದು ಮೀನಿನ ಹುರುಪೆಯಂತೆ ಒಂದರ ಮೇಲೊಂದು. ಮೇಲಿನಿಂದ ಕೆಳಗೆ ಹರಿಯುವ ನೀರಿಗೆ ಅದು ಒಳ್ಳೆಯ ತಡೆ, ನಿಂತು ಹಿಂದಕ್ಕೆ ಏರುವ ನೀರಿಗೆ ತಡೆಯೇ ಅಲ್ಲ. ಒಂದು ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಶಾಖ ಬೇಕು. ಅಷ್ಟನ್ನೂ ನನ್ನ ಹೀಟರಿನಿಂದ ನಾನೇ ಒದಗಿಸುತ್ತಿದ್ದೆ!

ಹಾಗಾಗಿ ಮೊದಲ ಎರಡು ವಾರ ಚಾವಣಿಯ ಮೇಲೆ ಕಾಲಿಡಲಿಲ್ಲ. ಊದುಬತ್ತಿ ಹಚ್ಚಿ ಸೀಲಿಂಗಿನ ಒಂದೊಂದು ತೂತಿನ ಬಳಿ ಹಿಡಿದೆ: ದೀಪದ ಹೋಲ್ಡರ್, ವೈರು ಹೋಗುವ ಕಿಂಡಿ, ಅಟ್ಟದ ಬಾಗಿಲಿನ ಸಂದು. ಹೊಗೆ ಎಲ್ಲಿ ಸುಯ್ಯನೆ ಮೇಲೆಳೆದುಕೊಂಡು ಹೋಯಿತೋ ಅಲ್ಲೆಲ್ಲ ಗುರುತು ಹಾಕಿ ಮುಚ್ಚಿದೆ. ಸ್ನಾನದ ಮನೆಯ ಎಕ್ಸಾಸ್ಟ್ ಫ್ಯಾನಿನ ಕೊಳವೆಯನ್ನು ಹಿಂದೆ ಯಾರೋ ಅಟ್ಟದಲ್ಲೇ ತೆರೆದು ಬಿಟ್ಟುಬಿಟ್ಟಿದ್ದರು. ದಿನವೂ ಬಿಸಿನೀರಿನ ಹಬೆಯೆಲ್ಲ ಅಲ್ಲಿಗೇ. ಅದನ್ನು ಹೊರಕ್ಕೆ ತೆಗೆದೆ. ಸೂರಂಚಿನ ಗಾಳಿಕಿಂಡಿಗಳನ್ನು ಗಾಜಿನ ಉಣ್ಣೆ ಮುಚ್ಚಿಕೊಂಡಿತ್ತು. ಪ್ರತಿ ಎರಡು ಪಕಾಸುಗಳ ನಡುವೆ ಎರಡು ಇಂಚು ಗಾಳಿ ಆಡುವಂತೆ ತಡೆಹಲಗೆ ಕೊಟ್ಟು, ನೆತ್ತಿಯಲ್ಲಿ ಗಾಳಿ ಹೊರಹೋಗುವ ದಾರಿ ಮಾಡಿದೆ. ಚಾವಣಿಗೆ ಯಾವ ವಸ್ತು ಎಂದು ತಲೆ ಕೆಡಿಸಿಕೊಳ್ಳುವವರಿಗೆ ನಾನು ಮೊದಲು ಕೇಳುವುದು ಅಟ್ಟ ಹತ್ತಿದ್ದೀರಾ ಎಂದು. ಹೆಚ್ಚಿನವರು ಹತ್ತಿರುವುದಿಲ್ಲ.

ಆಮೇಲೆ ಆಯ್ಕೆಯ ವಿಚಾರ. ತಗಡು ಮಾರುವವರು ಮೊದಲು ಹೇಳುವುದು "ಇದು ಹಗುರ" ಎಂದು. ಮಾತು ನಿಜ: ಉಕ್ಕಿನ ತಗಡು ಚದರ ಮೀಟರಿಗೆ ಐದಾರು ಕಿಲೋ, ಶಿಂಗಲ್ ಹತ್ತರಿಂದ ಹದಿನೈದು, ದಪ್ಪನೆಯದಾದರೆ ಇನ್ನೂ ಹೆಚ್ಚು. ನಾನು ಒಂದು ಬೆಳಿಗ್ಗೆ 20 ಲೀಟರಿನ ಬಕೆಟ್ಟಿನಲ್ಲಿ ಹಿಮ ತುಂಬಿ ತೂಗಿದೆ. ಆಗಷ್ಟೇ ಬಿದ್ದ ಹಿಮ ಎರಡು ಕಿಲೋ ತೂಗಿತು. ವಾರಗಟ್ಟಲೆ ಕುಳಿತು ಕುಗ್ಗಿದ ಹಿಮ ಆರೂವರೆ ಕಿಲೋ. ಅಂದರೆ ಹಳೆಯ ಹಿಮ ಒಂದು ಮೀಟರ್ ನಿಂತರೆ ಚದರ ಮೀಟರಿಗೆ 300 ಕಿಲೋ ದಾಟುತ್ತದೆ. ಅದರ ಮುಂದೆ ಹೊದಿಕೆಯ ಎಂಟು-ಹತ್ತು ಕಿಲೋ ವ್ಯತ್ಯಾಸ ಯಾವ ಲೆಕ್ಕ? ಪಕಾಸುಗಳು ಹಿಮವನ್ನು ಹೊರಬಲ್ಲವೇ ಎಂಬುದನ್ನು ಎಂಜಿನಿಯರ್ ಒಬ್ಬರಿಂದ ನೋಡಿಸಿದೆ, ತೂಕದ ವಾದವನ್ನು ಅಲ್ಲಿಗೇ ಬಿಟ್ಟೆ. ಹಳೆಯ ಶಿಂಗಲ್ ಮೇಲೇ ಇನ್ನೊಂದು ಪದರ ಹೊಡೆಯುವ ಯೋಚನೆ ಇದ್ದರೆ ಮಾತ್ರ ಈ ಲೆಕ್ಕ ಮುಖ್ಯವಾಗುತ್ತದೆ, ಆ ಯೋಚನೆ ನನಗೆ ಹಿಡಿಸಲಿಲ್ಲ. ಅಡಿಯ ಹಲಗೆ ಎಲ್ಲಿ ಕೊಳೆತಿದೆ ಎಂದು ಕಿತ್ತು ನೋಡದೆ ತಿಳಿಯುವುದಿಲ್ಲ.

ನಿಜವಾಗಿ ನಿರ್ಧಾರ ಮಾಡಿಸಿದ್ದು ಇನ್ನೊಂದು ಪ್ರಶ್ನೆ: ಹಿಮ ಚಾವಣಿಯ ಮೇಲೆ ಇರಬೇಕೋ, ಕೆಳಗೆ ಬೀಳಬೇಕೋ, ಬೀಳುವುದಾದರೆ ಎಲ್ಲಿ? ಮನೆಯ ಸುತ್ತ ನಾಲ್ಕು ಸುತ್ತು ನಡೆದು ಗೂಟ ನೆಟ್ಟೆ. ಬಿಸಿಲಿನ ಬದಿಯಲ್ಲಿ ಕೆಳಗೆ ಖಾಲಿ ಇಳಿಜಾರು, ಯಾರೂ ಓಡಾಡುವುದಿಲ್ಲ. ನೆರಳಿನ ಬದಿಯಲ್ಲಿ ಕಾಲುದಾರಿ ಮತ್ತು ವಿದ್ಯುತ್ ಮೀಟರ್. ಮುಂಬಾಗಿಲು ಇರುವುದು ತ್ರಿಕೋನ ಗೋಡೆಯ ಬದಿಯಲ್ಲಿ, ಅದಕ್ಕೆ ಬೇರೆಯದೇ ಚಿಕ್ಕ ಚಾವಣಿ. ನನ್ನ ಒಂದು ಬದಿಯ ಇಳಿಜಾರು ಸುಮಾರು 60 ಚದರ ಮೀಟರ್. ಅದರ ಮೇಲೆ ಅರ್ಧ ಮೀಟರ್ ಹಳೆಯ ಹಿಮ ಎಂದರೆ ಒಂಬತ್ತು ಟನ್. ಶಿಂಗಲ್‌ನ ಹರಳುಹರಳು ಮೈ ಅದನ್ನು ಹಿಡಿದುಕೊಂಡು ನಿಧಾನವಾಗಿ ಕರಗಿಸುತ್ತದೆ. ತಗಡಿನ ನುಣುಪು ಮೈಗೆ ಒಮ್ಮೆ ಬಿಸಿಲು ತಾಗಿತೆಂದರೆ ಇಡೀ ಹಾಸು ಒಂದೇ ಏಟಿಗೆ ಜಾರಬಹುದು. "ತಾನಾಗಿ ಜಾರಿ ಹೋಗುತ್ತದೆ" ಎಂದವರು ಯಾರ ತಲೆಯ ಮೇಲೆ ಎಂದು ಹೇಳಿರಲಿಲ್ಲ.

ಹೀಗೆ ಎರಡನ್ನೂ ಇಟ್ಟುಕೊಂಡೆ. ದೊಡ್ಡ ಚಾವಣಿಗೆ ಉಕ್ಕಿನ ತಗಡು, ಬಾಗಿಲಿನ ಮೇಲಿನ ಚಿಕ್ಕ ಚಾವಣಿಗೆ ಶಿಂಗಲ್.

ದೊಡ್ಡದಕ್ಕೆ ಮತ್ತೆ ಶಿಂಗಲ್ ಏಕೆ ಬೇಡವಾಯಿತು ಎನ್ನುವುದಕ್ಕೆ ಕಾರಣ ಮಳೆನೀರಿನ ದೋಣಿಯಲ್ಲಿತ್ತು. ಕೈ ಹಾಕಿದರೆ ಬೊಗಸೆ ತುಂಬ ಕಪ್ಪು ಹರಳು ಬಂತು. ಶಿಂಗಲ್‌ನ ಡಾಂಬರನ್ನು ಬಿಸಿಲಿನಿಂದ ಕಾಯುವುದೇ ಆ ಹರಳು. ಅದು ಉದುರಿದ ಕಡೆ ಡಾಂಬರು ಒಣಗಿ ಬಿರುಕು ಬಿಡುತ್ತದೆ. ಎತ್ತರದ ಜಾಗದಲ್ಲಿ ಇದು ಇನ್ನೂ ಬೇಗ. ಸಾವಿರ ಮೀಟರ್ ಏರಿದಂತೆಲ್ಲ ನೇರಳಾತೀತ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಬಿರುಕಿಗೆ ಹೊಕ್ಕ ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗಿ ಬಿರುಕನ್ನು ಅಗಲಿಸುತ್ತದೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ದಿನಗಳು ನಮ್ಮಲ್ಲಿ ತಿಂಗಳುಗಟ್ಟಲೆ. ಸಾಲದ್ದಕ್ಕೆ ಪ್ರತಿ ಚಳಿಗಾಲ ನಾನು ಉದ್ದ ಕೋಲಿನ ಗೋರುಹಲಗೆಯಿಂದ ಹಿಮ ಎಳೆಯುತ್ತಿದ್ದೆ. ಹರಳಿನಲ್ಲಿ ಅರ್ಧದಷ್ಟನ್ನು ನನ್ನ ಕೈಯಾರೆ ಕೆರೆದು ಹಾಕಿದ್ದಿರಬೇಕು.

ತಗಡಿನಲ್ಲಿ ಎರಡು ಬಗೆ. ಮೇಲಿನಿಂದಲೇ ರಬ್ಬರ್ ವಾಷರ್ ಇರುವ ಸ್ಕ್ರೂ ಹಾಕಿ ಬಿಗಿಯುವುದು ಒಂದು. ಪಟ್ಟಿಗಳ ಅಂಚನ್ನು ಎತ್ತಿ ಒಂದರೊಳಗೊಂದು ಮಡಿಸಿ, ಸ್ಕ್ರೂಗಳನ್ನು ಆ ಮಡಿಕೆಯೊಳಗೆ ಅಡಗಿಸುವುದು ಇನ್ನೊಂದು. ಇದಕ್ಕೆ ಸ್ಟ್ಯಾಂಡಿಂಗ್ ಸೀಮ್ ಎನ್ನುತ್ತಾರೆ. ಎರಡನೆಯದು ದುಬಾರಿ, ಆದರೂ ಅದನ್ನೇ ಆರಿಸಿದೆ. ನನ್ನ ಪಟ್ಟಿ 9 ಮೀಟರ್ ಉದ್ದ. ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವ ತಗಡು ಬೇಸಿಗೆಯ ಬಿಸಿಲಿನಲ್ಲಿ 60 ಡಿಗ್ರಿಗೆ ಏರಿದರೆ ಉಕ್ಕು ಹಿಗ್ಗುವುದು 8.6 ಮಿಲಿಮೀಟರ್, ಅಲ್ಯೂಮಿನಿಯಂ ಆದರೆ ಅದರ ಎರಡರಷ್ಟು. ಸ್ಕ್ರೂ ಬಿಗಿದ ತಗಡು ಹಿಗ್ಗಲು ಜಾಗವಿಲ್ಲದೆ ಸ್ಕ್ರೂವನ್ನೇ ಅಲ್ಲಾಡಿಸುತ್ತದೆ. ವರ್ಷ ಕಳೆದಂತೆ ದುಂಡಗಿನ ತೂತು ಉದ್ದವಾಗುತ್ತದೆ, ವಾಷರ್ ಒಣಗಿ ಸೀಳುತ್ತದೆ. ಚಾವಣಿಯ ಮೇಲೆ ಅಂಥ ತೂತುಗಳು ನೂರಾರು. ಮಡಿಕೆಯ ತಗಡನ್ನು ಹಿಡಿಯುವುದು ಜಾರುವ ಕ್ಲಿಪ್. ಪಟ್ಟಿಯನ್ನು ಒಂದು ಕಡೆ ಮಾತ್ರ ಬಿಗಿದು ಉಳಿದದ್ದನ್ನು ಅದರ ಪಾಡಿಗೆ ಬಿಡಬಹುದು. ಉಗ್ರಾಣಕ್ಕಾದರೆ ಸ್ಕ್ರೂ ತಗಡು ಸಾಕು.

ನಾನು ತಂದದ್ದು 24 ಗೇಜಿನ (ಅರ್ಧ ಮಿಲಿಮೀಟರಿಗಿಂತ ತುಸು ದಪ್ಪನೆಯ) ಉಕ್ಕು, ಅಲ್ಯೂಮಿನಿಯಂ-ಸತುವಿನ ಲೇಪದ್ದು. ಆ ಲೇಪದಲ್ಲಿ ತೂಕದ ಲೆಕ್ಕಕ್ಕೆ ಶೇ. 55 ಅಲ್ಯೂಮಿನಿಯಂ, ಉಳಿದದ್ದು ಬಹುಪಾಲು ಸತು, ಚಿಟಿಕೆಯಷ್ಟು ಸಿಲಿಕಾನ್. ಮೂಲೆಯಲ್ಲಿ ಪಟ್ಟಿಯನ್ನು ಓರೆಯಾಗಿ ಕತ್ತರಿಸಬೇಕಾದಾಗ ಜೊತೆಗಿದ್ದ ಹುಡುಗ ಗ್ರೈಂಡರ್ ಎತ್ತಿಕೊಂಡ. "ಎರಡೇ ನಿಮಿಷದ ಕೆಲಸ, ಸಾರ್." ನಾನು ಬೇಡ ಎನ್ನುವಷ್ಟರಲ್ಲಿ ಕಿಡಿ ಹಾರಿತ್ತು. ಗ್ರೈಂಡರಿನ ಶಾಖ ಕತ್ತರಿಸಿದ ಅಂಚಿನ ಲೇಪವನ್ನು ಸುಡುತ್ತದೆ, ಹಾರಿದ ಬಿಸಿ ಕಬ್ಬಿಣದ ಚೂರುಗಳು ಬಣ್ಣದೊಳಗೆ ಹೂತುಕೊಂಡು ತುಕ್ಕು ಹಿಡಿಯುತ್ತವೆ. ಆಮೇಲೆ ಕತ್ತರಿಯಲ್ಲೇ ಕತ್ತರಿಸಿದೆವು. ಆ ಒಂದು ಪಟ್ಟಿಯ ಕೆಳತುದಿಯಲ್ಲಿ ಮುಂದಿನ ಮಳೆಗೇ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು ಮೂಡಿದವು. ಈಗಲೂ ಇವೆ.

ಹೊದಿಕೆಗಿಂತ ಹೆಚ್ಚು ಗಮನ ಕೊಟ್ಟದ್ದು ಅದರ ಅಡಿಗೆ ಹಾಸುವ ಹಾಳೆಗೆ. ಸೂರಂಚಿನಲ್ಲಿ ಹಲಗೆಗೆ ಅಂಟುವ ಡಾಂಬರಿನ ಹಾಳೆ ಬೇಕೇ ಬೇಕು. ಮೊಳೆ ಹೊಕ್ಕರೂ ಅದು ಮೊಳೆಯ ಸುತ್ತ ಬಿಗಿದುಕೊಳ್ಳುತ್ತದೆ. ಅದು ಗೋಡೆಯ ಗೆರೆ ದಾಟಿ ಒಳಕ್ಕೆ ಕನಿಷ್ಠ 60 ಸೆಂಟಿಮೀಟರ್ ಬರಬೇಕು. ಹಲವರು ಸೂರಂಚಿನಿಂದಲೇ 60 ಅಳೆದು ಮುಗಿಸುತ್ತಾರೆ. ನನ್ನ ಸೂರು ಗೋಡೆಯಿಂದ 60 ಸೆಂಟಿಮೀಟರ್ ಹೊರಕ್ಕೆ ಚಾಚಿದೆ. ಹಾಗೆ ಅಳೆದಿದ್ದರೆ ಹಾಳೆ ಗೋಡೆಯ ನೆತ್ತಿಯಲ್ಲೇ ನಿಂತುಬಿಡುತ್ತಿತ್ತು. ಇಳಿಜಾರಿನ ಉದ್ದವನ್ನೂ ಸೇರಿಸಿ ಎರಡು ಸಾಲು ಹಾಕಿದೆ. ತಗಡಿನ ಅಡಿಗೆ ಹೆಚ್ಚು ಶಾಖ ತಡೆಯುವ ಹಾಳೆಯನ್ನೇ ಕೇಳಿ ತರಬೇಕು. ಸಾಮಾನ್ಯ ಹಾಳೆಯ ಅಂಟು ಬೇಸಿಗೆಯಲ್ಲಿ ಕರಗಿ ಕೆಳಗೆ ಒಸರುತ್ತದೆ.

ಸದ್ದು, ಸಿಡಿಲು ಎಂದು ಹೆದರಿಸುವವರು ಬಹಳ. ಗಟ್ಟಿ ಹಲಗೆ, ಗಾಜಿನ ಉಣ್ಣೆ ಇರುವ ಮನೆಯಲ್ಲಿ ಮಳೆಯ ಸದ್ದು ನನಗಂತೂ ಮೊದಲಿಗಿಂತ ಹೆಚ್ಚೆನಿಸಲಿಲ್ಲ. ತಗಡು ಸಿಡಿಲನ್ನು ಕರೆಯುವುದೂ ಇಲ್ಲ. ಆಲಿಕಲ್ಲಿನ ವಿಚಾರ ಬೇರೆ: ತಗಡು ಒಡೆಯದಿದ್ದರೂ ತಗ್ಗು ಬೀಳುತ್ತದೆ, ಆ ತಗ್ಗು ಹೋಗುವುದಿಲ್ಲ.

ಚಿಕ್ಕ ಚಾವಣಿಯ ಶಿಂಗಲ್ ಕೆಲಸ ಶರತ್ಕಾಲದ ಕೊನೆಗೆ ಹೋಯಿತು, ತಪ್ಪು ನನ್ನದೇ. ಪ್ರತಿ ಶಿಂಗಲ್‌ನ ಅಡಿಯಲ್ಲಿ ಒಂದು ಅಂಟಿನ ಪಟ್ಟಿ ಇರುತ್ತದೆ. ಬಿಸಿಲಿನ ಶಾಖಕ್ಕೆ ಅದು ಕರಗಿ ಕೆಳಗಿನದಕ್ಕೆ ಕಚ್ಚಿಕೊಳ್ಳಬೇಕು. ನಾಲ್ಕೈದು ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದು ಕಚ್ಚಿಕೊಳ್ಳುವುದೇ ಇಲ್ಲ, ಮೊದಲ ಬಿರುಗಾಳಿಗೆ ಶಿಂಗಲ್ ಎದ್ದು ಮಡಚಿಕೊಳ್ಳುತ್ತದೆ. ಹಾಗಾಗಿ ಒಂದೊಂದರ ಅಡಿಗೂ ನಾಣ್ಯದಗಲ ಡಾಂಬರಿನ ಅಂಟು ಇಟ್ಟು ಕೈಯಿಂದ ಒತ್ತಿದೆ. ಹೆಚ್ಚು ಹಾಕಿದರೆ ಗುಳ್ಳೆ ಏಳುತ್ತದೆ. ಮೊಳೆ ನಾಲ್ಕರ ಬದಲು ಆರು. ಕೈಗವಸು ತೆಗೆದು ಮಾಡುವ ಕೆಲಸ ಅದು, ಎರಡು ದಿನ ಬೆರಳುಗಳು ನನ್ನವಾಗಿರಲಿಲ್ಲ.

ಮೊದಲ ಚಳಿಗಾಲದಲ್ಲೇ ಪೆಟ್ಟು ಬಿತ್ತು. ನೆರಳಿನ ಬದಿಗೆ ಹಿಮತಡೆ ಹಾಕಿದ್ದೆ, ಮಡಿಕೆಯನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪುಗಳ ಮೇಲೆ. ಹಾಗಾಗಿ ತಗಡಿಗೆ ಒಂದೂ ತೂತು ಕೊರೆಯಲಿಲ್ಲ. ಆದರೆ ಜಿಪುಣತನ ಮಾಡಿ ಮೀಟರ್ ಇರುವ ಜಾಗದ ನೇರಕ್ಕೆ ಮಾತ್ರ ಒಂದು ಸಾಲು ಕೂರಿಸಿದ್ದೆ. ಅಕ್ಕಪಕ್ಕದ ಹಿಮವೂ ಆ ತುಣುಕಿಗೇ ಒರಗಿ ಎರಡು ಕ್ಲ್ಯಾಂಪುಗಳನ್ನು ಮಡಿಕೆಯ ಮೇಲೆಯೇ ಒಂದು ಗೇಣು ಕೆಳಕ್ಕೆ ಎಳೆದಿತ್ತು. ಬಿಸಿಲಿನ ಬದಿಯಲ್ಲಿ ತಡೆಯೇ ಇರಲಿಲ್ಲ, ಬೇಕೂ ಇರಲಿಲ್ಲ. ಅಲ್ಲಿ ನಾನು ಮರೆತದ್ದು ಕಕ್ಕಸಿನ ಗಾಳಿಕೊಳವೆ. ಅದು ಸೂರಂಚಿನಿಂದ ಎರಡು ಮೀಟರ್ ಮೇಲೆ, ಇಳಿಜಾರಿನ ನಡುವೆ ನಿಂತಿತ್ತು. ಒಂದು ಮಧ್ಯಾಹ್ನ ಹಿಮದ ಹಾಸು ಗುಡುಗಿದಂತೆ ಜಾರಿತು. ಹೊರಗೆ ಬಂದು ನೋಡಿದರೆ ಕೊಳವೆ ರಬ್ಬರಿನ ಕೊರಳಪಟ್ಟಿ ಸಮೇತ ಕೆಳಗಿನ ಗುಡ್ಡೆಯಲ್ಲಿ ನೆಟ್ಟಗೆ ಸಿಕ್ಕಿಕೊಂಡಿತ್ತು. ಮೇಲೆ ತೆರೆದ ತೂತು. ಶಿಂಗಲ್ ಕಾಲದಲ್ಲಿ ಹದಿನೆಂಟು ವರ್ಷ ಅದೇ ಜಾಗದಲ್ಲಿ ನಿಂತಿದ್ದ ಕೊಳವೆ ಅದು.

ಹಿಮ ಕರಗಿದ ಮೇಲೆ ಆ ಒಂದು ಪಟ್ಟಿಯನ್ನು ಬದಲಿಸಬೇಕಾಯಿತು. ಶಿಂಗಲ್ ಆಗಿದ್ದರೆ ನಾಲ್ಕು ತುಂಡು ಕಿತ್ತು ನಾಲ್ಕು ಹಾಕಿದರೆ ಮುಗಿಯುತ್ತಿತ್ತು. ತಗಡಿನಲ್ಲಿ ನೆತ್ತಿಯಿಂದ ಸೂರಂಚಿನವರೆಗಿನ ಇಡೀ 9 ಮೀಟರ್ ಬಿಚ್ಚಬೇಕು, ಪಕ್ಕದ ಮಡಿಕೆಗಳನ್ನೂ ಸಡಿಲಿಸಬೇಕು. ಕೊಳವೆಯನ್ನು ಅಟ್ಟದೊಳಗೇ ಎರಡು ಮೊಣಕೈ ಕೊಟ್ಟು ತಿರುಗಿಸಿ ನೆತ್ತಿಯ ಹತ್ತಿರ ಹೊರಕ್ಕೆ ತೆಗೆದೆ. ಅಲ್ಲಿ ಅದರ ಮೇಲೆ ಜಾರಲು ಹಿಮವೇ ಇರುವುದಿಲ್ಲ. ನೆರಳಿನ ಬದಿಗೆ ಹಿಮತಡೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎರಡು ಸಾಲು ಹಾಕಿದೆ. ತಡೆ ಹೊತ್ತ ಭಾರವೆಲ್ಲ ಕೊನೆಗೆ ಪಟ್ಟಿಯನ್ನು ಬಿಗಿದ ಆ ಒಂದು ಜಾಗಕ್ಕೇ ಬೀಳುವುದರಿಂದ ಅಲ್ಲಿ ಸ್ಕ್ರೂಗಳನ್ನು ಹೆಚ್ಚಿಸಿದೆ.

ಇದು ಮೂರನೆಯ ಚಳಿಗಾಲ. ಮೊನ್ನೆ ಅಟ್ಟ ಹತ್ತಿದ್ದೆ; ಸ್ಕ್ರೂಗಳ ತುದಿಗಳು ಒಣಗಿ ಕಪ್ಪಗಿದ್ದವು. ಸೂರಂಚಿನಲ್ಲಿ ಬೆರಳುದ್ದದ ಮಂಜುಗಡ್ಡೆಯ ಕೋಡುಗಳು ನಾಲ್ಕಾರು, ಅಷ್ಟೇ. ಬಿಸಿಲಿನ ಬದಿಯ ಗುಡ್ಡೆ ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಎತ್ತರ ಬೆಳೆದು ಅಡುಗೆಮನೆಯ ಕಿಟಕಿಯ ಕೆಳಗಾಜನ್ನು ಮುಟ್ಟಿದೆ. ಸದ್ಯಕ್ಕೆ ಒಂದು ಹಲಗೆ ಅಡ್ಡ ಇಟ್ಟಿದ್ದೇನೆ, ನಾಳೆ ಸಲಿಕೆ ಹಿಡಿಯಬೇಕು.