ಫೋನಿನಲ್ಲಿ ಜಗಳವಾಡಲಿಲ್ಲ, ಬರೆದು ಕಳಿಸಿ ಎಂದೆ

ಕಾರವಾರದ ಬೈತಖೋಲ ಬಂದರಿನಲ್ಲಿ ನನ್ನದು ದೋಣಿಗಳ ಡೀಸೆಲ್ ಎಂಜಿನ್ ರಿಪೇರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದೋಣಿಗಳೆಲ್ಲ ದಡ ಸೇರುವ ಆ ಎರಡು ತಿಂಗಳು ನನಗೆ ಕೈತುಂಬ ಕೆಲಸ, ಕೈಯಲ್ಲಿ ಮಾತ್ರ ಕಾಸಿಲ್ಲ. ಆಗಸ್ಟ್‌ನಲ್ಲಿ ಬಲೆಗೆ ಮೀನು ಬಿದ್ದ ಮೇಲೆಯೇ ಮಾಲೀಕರು ಬಾಕಿ ಚುಕ್ತಾ ಮಾಡುವುದು. ಸಾಲದ ಕಂತು ಅಲ್ಲಿಯವರೆಗೆ ಕಾಯುವುದಿಲ್ಲ. ಹೀಗೆ ಒಂದು ಮಳೆಗಾಲ, ಮೊಬೈಲ್ ಆ್ಯಪ್ ಮೂಲಕ ತೆಗೆದ ಸಾಲ ಸುಸ್ತಿಯಾಯಿತು. ವಸೂಲಿಯವರ ಕರೆಗಳು ಶುರುವಾದವು.

ಬೆಳಗಿನ ಚಹಾಕ್ಕೂ ಮೊದಲೇ ಒಂದು, ರಾತ್ರಿ ಊಟಕ್ಕೆ ಕುಳಿತಾಗ ಇನ್ನೊಂದು. ನಂಬರು ಬೇರೆ ಬೇರೆ, ಬೈಗುಳ ಅದೇ. ನನ್ನನ್ನು ಬೈದದ್ದನ್ನು ಹೇಗೋ ನುಂಗಿಕೊಂಡೆ. ಆಮೇಲೆ ಅಂಕೋಲೆಯ ಭಾವನಿಗೂ ಕರೆ ಹೋಯಿತು. "ನಿನ್ನ ಸಾಲ ಎಷ್ಟೆಂದು ನಾನು ಕೇಳುವುದಿಲ್ಲ ಮಾರಾಯ, ಆದರೆ ನನ್ನ ನಂಬರು ಅವರಿಗೆ ಕೊಟ್ಟವರು ಯಾರು?" ಎಂದು ಭಾವ ಕೇಳಿದರು. ಅರ್ಜಿಯಲ್ಲಿ ನಾನು ಅವರ ಹೆಸರನ್ನೇ ಬರೆದಿರಲಿಲ್ಲ. ಫೋನಿನ ಸೆಟ್ಟಿಂಗ್ಸ್ ತೆರೆದು ನೋಡಿದರೆ, ಸಾಲದ ಆ್ಯಪ್‌ಗೆ ನನ್ನ ಸಂಪರ್ಕ ಪಟ್ಟಿ ಓದುವ ಅನುಮತಿ ಇತ್ತು. ಸಾಲದ ಆ್ಯಪ್‌ಗಳು ಸಂಪರ್ಕ ಪಟ್ಟಿ, ಕರೆಗಳ ವಿವರ ಇವುಗಳಿಗೆ ಕೈಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿಯೇ ಹೇಳಿದೆ. ಅನುಮತಿಯನ್ನು ಕಿತ್ತುಹಾಕುವ ಮೊದಲು ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಸಿಮ್ ಬದಲಿಸು ಎಂದವರೇ ಹೆಚ್ಚು. ನನಗೆ ಅದು ಹಿಡಿಸಲಿಲ್ಲ. ದೋಣಿ ಮಾಲೀಕರೆಲ್ಲರ ಬಳಿ ಇರುವುದು ಇದೇ ನಂಬರು. ಅದಲ್ಲದೆ, ನಾನು ಸಿಗದಿದ್ದರೆ ವಸೂಲಿಯವರು ಭಾವನನ್ನೇ ಹಿಡಿಯುತ್ತಾರೆ. ಹಾಗಾಗಿ ಎಂಜಿನ್ ಬಿಡಿಭಾಗಗಳ ಲೆಕ್ಕದ ಪುಸ್ತಕವನ್ನೇ ಹಿಂದಿನಿಂದ ತಿರುವಿ ಗೆರೆ ಎಳೆದೆ: ತಾರೀಖು, ಗಂಟೆ, ನಂಬರು, ಹೆಸರು, ಆಡಿದ ಮಾತು. ಬೈಗುಳವನ್ನು ಅಕ್ಷರಶಃ ಬರೆದುಕೊಳ್ಳುತ್ತಿದ್ದೆ. ಗ್ರೀಸು ಹತ್ತಿದ ಕೈಯಲ್ಲಿ ಬರೆದ ಆ ಪುಟಗಳು ನೋಡಲು ಚೆಂದವಿರಲಿಲ್ಲ, ಉಪಯೋಗಕ್ಕೆ ಬಂದದ್ದು ಮಾತ್ರ ಅವೇ.

ಕರೆ ಬಂದರೆ ನನ್ನದು ಒಂದೇ ಪಾಠ. "ನಿಮ್ಮ ಹೆಸರು ಹೇಳಿ. ಯಾವ ಏಜೆನ್ಸಿ? ಸಾಲದ ಖಾತೆ ಸಂಖ್ಯೆ ಎಷ್ಟು? ಸಾಲ ನನ್ನದೇ, ಕಟ್ಟುತ್ತೇನೆ. ಬಾಕಿ ಎಷ್ಟೆಂದು ಬರೆದು ಕಳಿಸಿ. ಈ ಕರೆ ರೆಕಾರ್ಡ್ ಆಗುತ್ತಿದೆ." ಹೆಸರು ಕೇಳಿದೊಡನೆ ಕೆಲವರು ಫೋನ್ ಇಡುತ್ತಿದ್ದರು. ಒಬ್ಬ ಮಾತ್ರ "ನಾಳೆ ಪೊಲೀಸರನ್ನು ಮನೆಗೇ ಕಳಿಸುತ್ತೇನೆ" ಎಂದ. "ಕಳಿಸಿ, ಯಾವ ಠಾಣೆಯಿಂದ ಎಂದು ಹೇಳಿದರೆ ಬರೆದುಕೊಳ್ಳುತ್ತೇನೆ" ಎಂದೆ. ಠಾಣೆಯ ಹೆಸರು ಅವನ ಬಾಯಿಂದ ಹೊರಡಲಿಲ್ಲ.

ಕಂತು ತಪ್ಪಿದ ಮಾತ್ರಕ್ಕೆ ಯಾರನ್ನೂ ಬಂಧಿಸುವುದಿಲ್ಲ, ಅದು ಸಿವಿಲ್ ವ್ಯವಹಾರ. ಆದರೆ ಚೆಕ್ ಬೌನ್ಸ್ ಆದರೆ, ಅಥವಾ ಖಾತೆಯಿಂದ ತಾನಾಗಿ ಕಡಿತವಾಗಬೇಕಾದ ಕಂತು ಹಣವಿಲ್ಲದೆ ವಾಪಸಾದರೆ, ಕ್ರಿಮಿನಲ್ ದೂರಿಗೆ ಅವಕಾಶವಿದೆ. ಅದಕ್ಕೂ ಮೊದಲು ಲಿಖಿತ ನೋಟಿಸ್ ಬರಬೇಕು, ಹಣ ತುಂಬಲು 15 ದಿನ ಸಿಗಬೇಕು. ಆದ್ದರಿಂದ ಕರೆಗೆ ಹೆದರದಿದ್ದರೂ ಅಂಚೆಯಲ್ಲಿ ಬಂದ ಲಕೋಟೆಯನ್ನು ಒಡೆಯದೆ ಇಡಬೇಡಿ.

ನಂತರ ಸಾಲ ಕೊಟ್ಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಕಳಿಸಿದೆ, ಅದನ್ನೇ ಮುದ್ರಿಸಿ ರಿಜಿಸ್ಟರ್ ಅಂಚೆಯಲ್ಲೂ ಹಾಕಿದೆ. ಕೋಪವನ್ನೆಲ್ಲ ಹೊರಗಿಟ್ಟು ಬರೆದ ಪತ್ರ ಅದು. 2022ರ ಆಗಸ್ಟ್ 12ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಬೈಯುವಂತಿಲ್ಲ, ಮನೆಯವರ ಮತ್ತು ಸ್ನೇಹಿತರ ನೆಮ್ಮದಿ ಕೆಡಿಸುವಂತಿಲ್ಲ. ಏಜೆಂಟರು ಮಾಡಿದ್ದಕ್ಕೆ ಸಂಸ್ಥೆಯೇ ಹೊಣೆ. ಇಷ್ಟನ್ನು ಹೇಳಿ, ಪುಸ್ತಕದ ಪುಟಗಳ ಫೋಟೊ ಲಗತ್ತಿಸಿ, ಸೆಪ್ಟೆಂಬರ್‌ನಿಂದ ಎಷ್ಟೆಷ್ಟು ಕಟ್ಟಬಲ್ಲೆ ಎಂಬುದನ್ನೂ ಕೊನೆಯಲ್ಲಿ ಬರೆದೆ. ಈ ಕೊನೆಯ ಸಾಲಿಲ್ಲದಿದ್ದರೆ ಅದು ಬರಿಯ ತಕರಾರು ಆಗುತ್ತಿತ್ತು.

30 ದಿನ ಕಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯಾದ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಮಾಹಿತಿಗೆ 14448 ನಂಬರಿಗೆ ಕರೆ ಮಾಡಿದರಾಯಿತು. ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಸಂಸ್ಥೆಯ ಕಚೇರಿಯಿಂದಲೇ ಒಬ್ಬರು ಮಾತನಾಡಿದರು, "ಸರ್" ಎಂದು ಸಂಬೋಧಿಸಿಯೇ. ಭಾವನಿಗೆ ಕರೆ ಹೋಗುವುದು ನಿಂತಿತು.

ಸಂಸ್ಥೆಯವರು ಮೊದಲು ಮುಂದಿಟ್ಟದ್ದು ಸೆಟ್ಲ್‌ಮೆಂಟ್: ಸ್ವಲ್ಪ ಕಡಿಮೆ ಕಟ್ಟಿ ಕೈತೊಳೆದುಕೊಳ್ಳಿ ಎಂದು. ಒಪ್ಪಲಿಲ್ಲ. ಯಾರು ಸಾಲ ಹೇಗೆ ತೀರಿಸಿದರೆಂದು ತೋರಿಸುವ ಸಿಬಿಲ್ ವರದಿಯಲ್ಲಿ ಅದು ಪೂರ್ತಿ ತೀರಿದ ಸಾಲವೆಂದು ದಾಖಲಾಗುವುದಿಲ್ಲ, ಮುಂದೆ ಲೇತ್ ಯಂತ್ರಕ್ಕೆ ಸಾಲ ಕೇಳಲು ಹೋದರೆ ಬ್ಯಾಂಕು ಮೊದಲು ನೋಡುವುದು ಅದನ್ನೇ. ಬಾಕಿಯ ಪಟ್ಟಿ ತರಿಸಿ, ದಂಡದ ಮೇಲೆ ಬಡ್ಡಿ ಹಾಕಿದ್ದನ್ನು ತೆಗೆಸಿ, ಉಳಿದದ್ದನ್ನು ಕಂತುಗಳಲ್ಲಿ ಕಟ್ಟಿ ಮುಗಿಸಿದೆ. ಸಾಲ ಮುಗಿದ ಪತ್ರ ಕೈಗೆ ಬಂದ ಮೇಲೆಯೇ ಆ್ಯಪ್ ಅಳಿಸಿದ್ದು.