ಒಂದೇ ಕೈ ಸೊರಗ್ತಿದ್ರೆ ಏನ್ ನೋಡ್ಬೇಕು, ಏನ್ ಮಾಡಿಸ್ಬೇಕು

ಹದಿನೈದರಿಂದ ಇಪ್ಪತ್ತೈದರೊಳಗಿನ ಹುಡುಗ್ರಿಗೆ ಒಂದೇ ಕೈ ಸಣ್ಣ ಆಗ್ತಾ ಬಂದ್ರೆ ಮನೇಲಿ ಹೇಳೋದು ಮೊಟ್ಟೆ ತಿನ್ನು, ಜಿಮ್‌ಗೆ ಹೋಗು ಅಂತ. ಆದ್ರೆ ಎಷ್ಟೋ ಸಲ ತೊಂದ್ರೆ ಮಾಂಸಖಂಡದ್ದಲ್ಲ, ಅದನ್ನ ಆಡಿಸೋ ನರಕೋಶದ್ದು. ಜಪಾನಿನ ಡಾಕ್ಟರ್ ಹಿರಯಾಮಾ 1959ರಲ್ಲಿ ಇಂಥ ಒಂದು ಕಾಯಿಲೆ ವಿವರಿಸಿದ್ರು, 1984ರಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಗೌರೀದೇವಿ ಮತ್ತವರ ತಂಡ ಒಂದೇ ಕೈ ಇಲ್ಲಾ ಕಾಲು ಸೊರಗೋ ಕೇಸ್‌ಗಳ ಬಗ್ಗೆ ಬರೆದ್ರು.

ಮೊದ್ಲು ಎರಡೂ ಕೈ ಟೇಬಲ್ ಮೇಲೆ ಅಂಗೈ ಕೆಳಗೆ ಮಾಡಿಟ್ಟು ನೋಡಿ. ಹೆಬ್ಬೆರಳು ತೋರುಬೆರಳಿನ ಮಧ್ಯೆ ಗುಂಡಿ ಬಿದ್ದಿದ್ಯಾ? ಮುಂಗೈಯಲ್ಲಿ ಕಿರುಬೆರಳಿನ ಕಡೆ ಬತ್ತಿದ್ದು ಹೆಬ್ಬೆರಳಿನ ಕಡೆ ಉಬ್ಬು ಹಾಗೇ ಇದ್ಯಾ? ತಣ್ಣೀರಲ್ಲಿ ಕೈ ಇಟ್ರೆ ಬೆರಳು ಇನ್ನೂ ಸೋಲುತ್ತಾ, ಚಾಚಿದ್ರೆ ಸಣ್ಣಗೆ ನಡುಗುತ್ತಾ? ಜೋಮು ಇಲ್ದೆ ಇದೆಲ್ಲಾ ಇದ್ರೆ ನ್ಯೂರಾಲಜಿಸ್ಟ್ ಹತ್ರ ಹೋಗಿ.

ಒಳಗೆ ಆಗೋದೇನಂದ್ರೆ, ಬೆನ್ನುಹುರಿಯ ಮುಂಭಾಗದಲ್ಲಿರೋ ಒಂದೊಂದು ಮೋಟಾರ್ ನರಕೋಶ ಮಾಂಸಖಂಡದ ಹತ್ತಾರು, ಕೆಲವು ಕಡೆ ನೂರಾರು ಎಳೆಗಳನ್ನ ನಡೆಸುತ್ತೆ, ಅದು ಸತ್ರೆ ಅಷ್ಟೂ ಎಳೆ ಅನಾಥ, ಆಗ ಪಕ್ಕದ ನರ ಚಿಗುರಿ ಒಂದಷ್ಟನ್ನ ದತ್ತು ತಗೊಳ್ಳುತ್ತೆ, ಅದಕ್ಕೇ ಶುರುವಲ್ಲಿ ಗೊತ್ತೇ ಆಗಲ್ಲ. ಯಾರೂ ಸಿಗದ ಎಳೆಯಲ್ಲಿ ಪ್ರೋಟೀನ್ ಕಟ್ಟೋದಕ್ಕಿಂತ ಒಡೆಯೋದೇ ಜಾಸ್ತಿ, ಎಳೆ ಸಣ್ಣಗಾಗ್ತಾ ಹೋಗಿ ಕೊನೆಗೆ ಆ ಜಾಗದಲ್ಲಿ ಕೊಬ್ಬು, ನಾರು ತುಂಬ್ಕೊಳ್ಳುತ್ತೆ. ಪ್ರೋಟೀನ್ ಪೌಡರ್ ಡಬ್ಬ ಖಾಲಿ ಮಾಡಿದ್ರೂ ನರ ಬರಲ್ಲ ಕಣ್ರೀ.

ಇಎಂಜಿ ಅಂದ್ರೆ ಮಾಂಸಖಂಡದ ವಿದ್ಯುತ್ ಸಿಗ್ನಲ್ ನೋಡೋ ಟೆಸ್ಟು, ಅದರಲ್ಲಿ ಸೂಜಿ ಚುಚ್ಚಿ ಈ ಅನಾಥ ಎಳೆಗಳ ತಾವಾಗೇ ಮಿಡಿಯೋ ಸಿಗ್ನಲ್, ದತ್ತು ತಗೊಂಡ ನರದ ದೊಡ್ಡ ಸಿಗ್ನಲ್ ಎರಡೂ ನೋಡ್ತಾರೆ. ಎಂಆರ್‌ಐಗೆ ಹೋದಾಗ ಮಾತ್ರ ಹುಷಾರು, ಕತ್ತು ನೇರ ಇಟ್ಟು ತೆಗೆದ್ರೆ ನಾರ್ಮಲ್ ಬಂದ್ಬಿಡಬಹುದು. ಆಗ್ಲೇ ಹೇಳಿದ ಹಿರಯಾಮಾ ಕಾಯಿಲೇಲಿ ಕತ್ತು ಬಗ್ಗಿಸಿದಾಗ್ಲೇ ಬೆನ್ನುಹುರಿಯ ಹೊದಿಕೆ ಮುಂದೆ ಸರಿದು ಹುರಿಯನ್ನ ಒತ್ತೋದು, ಅದಕ್ಕೆ ಕತ್ತು ಬಗ್ಗಿಸಿ ತೆಗೀಬೇಕಾ ಅಂತ ಡಾಕ್ಟ್ರನ್ನ ಕೇಳಿ.

ಹಿರಯಾಮಾ ಕಾಯಿಲೇನೇ ಅಂತ ಗೊತ್ತಾದ್ರೆ ಕತ್ತಿಗೆ ಕಾಲರ್, ಅದೂ ವರ್ಷಗಟ್ಟಲೆ. ಬೇಜಾರೇ, ಆದ್ರೆ ಹೋದ ನರಕೋಶ ವಾಪಸ್ ಬರಲ್ಲ, ಉಳಿದಿರೋದನ್ನ ಕಾಪಾಡೋಕೆ ಇದು. ತಲೆ ಬಗ್ಗಿಸಿ ಗಂಟೆಗಟ್ಟಲೆ ಮೊಬೈಲ್ ನೋಡೋದು ಬಿಡಿ, ಫಿಸಿಯೋ ಹೇಳಿದಷ್ಟೇ ವ್ಯಾಯಾಮ ಮಾಡಿ. ಇನ್ನು ಕಾಲು ಬಿಗಿಯೋದು, ಮಾತು ತೊದಲೋದು, ನುಂಗೋಕೆ ಕಷ್ಟ ಆಗೋದು ಕಂಡ್ರೆ ಇದು ಬೇರೇ ಕಾಯಿಲೆ ಇರಬಹುದು, ಮೋಟಾರ್ ನರಕೋಶಗಳು ಮೈಯೆಲ್ಲಾ ಸಾಯ್ತಾ ಹೋಗೋ ಎಎಲ್‌ಎಸ್ ಥರದ್ದು, ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ತೋರಿಸಿ.